ನೋವಿನ ಮರುಮೌಲ್ಯಮಾಪನ

ವಿಶ್ವವಿದ್ಯಾಲಯದ ಸಮಸ್ತ ವಿದ್ಯಾರ್ಥಿಗಳು, ಬೋಧಕರು, ಬೋಧಕೇತರರು ಹಾಗೂ ಆವರಣದ ನಾಯಿಗಳ ಗಮನಕ್ಕೆ ಈ ಮೂಲಕ ತರಬಯಸುವುದೇನೆಂದರೆ, ಆರೋಗ್ಯ ಕೇಂದ್ರದ ಹೊರಗಿನ ಬೆಂಚಿಗೆ ನಾಲ್ಕನೆಯ ಕಾಲು ಬಂದಿದೆ. ಮೂವರು ಕುಲಪತಿಗಳ ಕಾಲದಲ್ಲಿ ಮೂರೇ ಕಾಲ ಮೇಲೆ ನಿಂತು, ರೋಗಿಗಳನ್ನು ಜಾತಿ ಮತ ಭೇದವಿಲ್ಲದೆ ಎಡಕ್ಕೆ ಉರುಳಿಸುತ್ತ ಬಂದ ಸದರಿ ಬೆಂಚನ್ನು ಬರುವ ಗುರುವಾರ ಮಾನ್ಯ ಕುಲಪತಿಗಳು ಸ್ವತಃ ಕೂತು ಲೋಕಾರ್ಪಣೆ ಮಾಡಲಿದ್ದಾರೆ. ಇದೇ ಶುಭ ಗಳಿಗೆಯಲ್ಲಿ ಮುಖ್ಯ ವೈದ್ಯಾಧಿಕಾರಿ ಡಾ. ಶ್ರೀಕಂಠಸ್ವಾಮಿಯವರಿಗೆ ‘ಸಹವೇದನಾ ರತ್ನ’ ಪ್ರಶಸ್ತಿ ಪ್ರದಾನ ಮಾಡಲಾಗುವುದು. ಉಪ್ಪಿಟ್ಟು ಉಂಟು. ಸರ್ವರಿಗೂ ಸ್ವಾಗತ.

ಹಾಸ್ಟೆಲ್ಲಿನ ನೋಟಿಸ್ ಬೋರ್ಡಿನ ಮುಂದೆ ನಿಂತು ನೀಲಾಂಬಿಕಾ ಬಳಿಗಾರ ಬೆಂಚಿನ ಸಾಲಿಗೆ ನಕ್ಕಳು. ಪ್ರಶಸ್ತಿಯ ಸಾಲಿಗೆ ಬಂದಾಗ ಅವಳ ಹಲ್ಲು ಹಲ್ಲಿಗೆ ಕಚ್ಚಿಕೊಂಡವು. ಕೈ ತಾನಾಗಿಯೇ ಹೊಟ್ಟೆಯ ಬಲಗಡೆ, ಹೊಲಿಗೆಯ ಗುರುತಿನ ಮೇಲೆ ಹೋಯಿತು. ಗಾಯ ಮಾಗಿತ್ತು. ಸಿಟ್ಟು ಮಾತ್ರ ದಿನದಿನಕ್ಕೆ ಹಸಿಯಾಗುತ್ತಿತ್ತು.

“ರತ್ನ ಅಂತ! ಇಂವಗ ರತ್ನ!” ಅಂದಳು ಪಕ್ಕದಲ್ಲಿದ್ದ ಜೆಸಿಂತಾಗೆ.

ಜೆಸಿಂತಾ ಶಿರ್ವದ ಹುಡುಗಿ. ನೀಲಾಳ ರೂಮಿನವಳು, ಅದೇ ನರಸಂಕೇತ ವಿಭಾಗದ ಎಂ.ಎಸ್ಸಿ. ಸಹಪಾಠಿ. “ಬಿಡು ಮಾರಾಯ್ತಿ. ಉಪ್ಪಿಟ್ಟಾದ್ರೂ ಉಂಟಲ್ಲ,” ಅಂದಳು.

“ಉಪ್ಪಿಟ್ಟು ನೀ ತಿನ್ನು. ಅಂವಗ ನಾ ಉಣಸ್ತೀನಿ.”

ಉಣಿಸಬೇಕೆಂದಿದ್ದದ್ದು ಏನನ್ನು ಎಂದು ತಿಳಿಯಬೇಕಾದರೆ ಸಹವೇದನಾ ಕಾಯ್ದೆಯ ಕಥೆ ಸ್ವಲ್ಪ ಹೇಳಬೇಕು.

ವೈದ್ಯರು ರೋಗಿಯ ಮಾತು ಕೇಳುವುದಿಲ್ಲ ಎಂಬ ದೂರು ದೂರದೂರದಿಂದ ಬಂದು ಬೆಟ್ಟವಾದಾಗ ಸರ್ಕಾರ ಒಂದು ಪಟ್ಟಿಯನ್ನು ಜಾರಿಗೆ ತಂದಿತು. ಆಶ್ವಾಸನೆಗಳ ಪಟ್ಟಿಯಲ್ಲ, ಕೈಗೆ ಕಟ್ಟುವ ಪಟ್ಟಿ. ಒಂದು ರೋಗಿಯ ಮಣಿಕಟ್ಟಿಗೆ, ಇನ್ನೊಂದು ವೈದ್ಯರ ಮಣಿಕಟ್ಟಿಗೆ. ರೋಗಿಯ ನರಗಳಲ್ಲಿ ನೋವಿನ ಸುದ್ದಿ ಯಾವ ಲಯದಲ್ಲಿ ಓಡುತ್ತಿದೆ ಎಂಬುದನ್ನು ಒಂದು ಪಟ್ಟಿ ಹಿಡಿಯುತ್ತದೆ. ಅದೇ ಲಯವನ್ನು ಇನ್ನೊಂದು ಪಟ್ಟಿ ವೈದ್ಯರ ನರಗಳಿಗೆ ಬಡಿಯುತ್ತದೆ. ದೇಹಕ್ಕೆ ಏನೂ ಆಗುವುದಿಲ್ಲ. ಆದರೆ ಒಂದಿಷ್ಟು ಹೊತ್ತು ರೋಗಿಯ ನೋವು ವೈದ್ಯರದೂ ಆಗುತ್ತದೆ. ಆಮೇಲೆ ವೈದ್ಯರು ‘ನೋವಿದೆ’ ಅಥವಾ ‘ನೋವಿಲ್ಲ’ ಗುಂಡಿ ಒತ್ತಬೇಕು. ಒತ್ತದೆ ಔಷಧಿ ಬರೆಯುವಂತಿಲ್ಲ.

ಕಾಯ್ದೆ ಬಂದ ಹೊಸತರಲ್ಲಿ ನಾಡಿನ ಹಲ್ಲಿನ ಡಾಕ್ಟರುಗಳು ಸಾಮೂಹಿಕ ರಜೆ ಹಾಕಿದರು. ಹೆರಿಗೆ ವಾರ್ಡಿನ ಗಂಡು ವೈದ್ಯರು ಮನೆಗೆ ಹೋಗಿ ತಾಯಂದಿರ ಕಾಲಿಗೆ ಬಿದ್ದರಂತೆ. ಇಂಜೆಕ್ಷನ್ ಚುಚ್ಚುವ ಕೈಗಳು ಹೂವು ಮುಟ್ಟಿದಷ್ಟು ಮೆತ್ತಗಾದವು. ಜನ ತಮ್ಮ ನೋವಿಗೆ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದರು.

ಆದರೆ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರವೆಂದರೆ ಬೇರೆಯೇ ಲೋಕ. ಇಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಮಂದಿಗೆ ಇರುವ ಕಾಯಿಲೆ ಒಂದೇ: ಹಾಜರಾತಿ ಕೊರತೆ. ಶೇಕಡಾ ಎಪ್ಪತ್ತೈದು ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ತುಂಬಿಸಿಕೊಳ್ಳಲು ವೈದ್ಯಕೀಯ ಪ್ರಮಾಣಪತ್ರ ಬೇಕು. ಹೀಗಾಗಿ ಸೆಮಿಸ್ಟರಿನ ಕೊನೆಯಲ್ಲಿ ಆವರಣದ ಜ್ವರವೆಲ್ಲ ಒಟ್ಟಿಗೆ ಏರುತ್ತದೆ. ಡಾ. ಶ್ರೀಕಂಠಸ್ವಾಮಿಯವರು ಇಂಥ ಜ್ವರಗಳನ್ನು ನೋಡಿ ನೋಡಿ ತಲೆ ಹಣ್ಣಾದವರು. ನಾಲಗೆ ತೋರಿಸು ಅನ್ನುವ ಮೊದಲು ಹಾಜರಾತಿ ತೋರಿಸು ಅನ್ನುವುದು ಅವರ ಪದ್ಧತಿ.

ನೀಲಾ ಅವರ ಮುಂದೆ ಕೂತದ್ದು ಆ ಪದ್ಧತಿಗೆ ಸರಿಹೊಂದದ ಹೊತ್ತಿನಲ್ಲಿ, ಸೆಮಿಸ್ಟರಿನ ಶುರುವಿನಲ್ಲಿ. ಹೊಕ್ಕುಳ ಸುತ್ತ ಎದ್ದ ನೋವು ಬೆಳಗಾಗುವುದರೊಳಗೆ ಬಲಕ್ಕಿಳಿದು ಅಲ್ಲೇ ಬಿಡಾರ ಹೂಡಿತ್ತು. ಊರಿಗೆ ಫೋನು ಮಾಡಿದ್ದಳು. ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವ ಅವ್ವ, “ಅಜಿವಾನ ನುಂಗಿ ನೋಡವ್ವ. ನಾ ಅಲ್ಲಿದ್ರ ಹೊಟ್ಟಿ ಮುಟ್ಟಿ ಹೇಳ್ತಿದ್ನಿ. ಫೋನ್ನ್ಯಾಗ ಹೆಂಗ ಮುಟ್ಟಲಿ? ಡಾಕ್ಟರ್ ಕಡೆ ಹೋಗು, ಅವ್ರು ಮುಟ್ಟಿ ನೋಡ್ತಾರ,” ಅಂದಿದ್ದಳು.

ಡಾಕ್ಟರು ಮುಟ್ಟಲಿಲ್ಲ. ಅವಳಿಗೆ ಪಟ್ಟಿ ಕಟ್ಟಿಸಿ, ತಮ್ಮ ಬಲಗೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡು ಪರದೆ ನೋಡಿದರು.

“ಅಟೆಂಡೆನ್ಸ್ ಎಷ್ಟಮ್ಮಾ?”

“ನೂರಕ್ಕ ನೂರೈತ್ರಿ ಸರ... ಅಯ್ಯೋ...”

“ಇಷ್ಟಿದ್ಮೇಲೆ ಯಾಕಮ್ಮ ಬಂದೆ? ಸುಮ್ಕೆ ಮುಂದಕ್ಕಿರ್ಲಿ ಅಂತ ಸರ್ಟಿಫಿಕೇಟ್ ಸ್ಟಾಕ್ ಇಡಕ್ಕಾ?”

“ಸರ್ಟಿಫಿಕೇಟ್ ಬ್ಯಾಡ್ರಿ. ನೋಯಾಕತ್ತೈತ್ರಿ. ಇಲ್ಲಿ, ಬಲಕ್ಕ.”

ಡಾಕ್ಟರು ಕಣ್ಣು ಮುಚ್ಚಿ, ದೇವರ ಪ್ರಸಾದ ಬಾಯಲ್ಲಿಟ್ಟುಕೊಂಡವರಂತೆ ಕೊಂಚ ಹೊತ್ತು ಕೂತರು. ಆಮೇಲೆ ‘ನೋವಿಲ್ಲ’ ಒತ್ತಿದರು. “ನಂಗೇನೂ ಅನುಭವಕ್ಕೆ ಬರ್ತಿಲ್ಲ. ಹಾಸ್ಟೆಲ್ ಊಟ, ಮನೆ ನೆನಪು, ಎರಡೂ ಸೇರ್ಕಂಡು ಗ್ಯಾಸ್ ಆಗದೆ. ಈ ಗುಲಾಬಿ ಮಾತ್ರೆ ತಗೋ.”

ಗುಲಾಬಿ ಮಾತ್ರೆ ಆ ಕೇಂದ್ರದ ಸರ್ವರೋಗ ಸಂಜೀವಿನಿ. ತಲೆನೋವಿಗೆ, ಕಾಲುನೋವಿಗೆ, ನಾಯಿ ಕಚ್ಚಿದ್ದಕ್ಕೆ ಎಲ್ಲದಕ್ಕೂ ಅದೇ. ನೀಲಾ ಅದನ್ನು ನುಂಗಿದಳು. ನೋವು ಅದನ್ನು ನುಂಗಿತು. ಮರುದಿನ ಪ್ರಯೋಗಾಲಯದಲ್ಲಿ ಅವಳು ಕುಸಿದಾಗ ಜೆಸಿಂತಾ ಆಟೋದಲ್ಲಿ ಹಾಕಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದಳು. ಅಪೆಂಡಿಕ್ಸ್ ಒಡೆದು ಹೊಟ್ಟೆಯ ತುಂಬ ಕೀವು ಹರಡಿತ್ತು. ಅಲ್ಲಿಯ ವೈದ್ಯೆ ಪಟ್ಟಿ ಕಟ್ಟಿಕೊಂಡ ಕ್ಷಣವೇ ಹೊಟ್ಟೆ ಹಿಡಿದು ಬಾಗಿದರಂತೆ. ಆ ಮಹಾತಾಯಿ ಬಾಗಿದ್ದರಿಂದ ನೀಲಾ ಎದ್ದಳು.

ಅವ್ವ ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಕೂತು ಬಂದು ಮಗಳ ಹಾಸಿಗೆಯ ಪಕ್ಕ ನಿಂತವಳು ಮೊದಲು ಅತ್ತಳು. ಆಮೇಲೆ ಕೇಳಿದಳು: “ಅಂವಾ ನಿನ್ನ ಮುಟ್ಟಿ ನೋಡಲಿಲ್ಲೇನ?”

“ಇಲ್ಲವ್ವ.”

“ಮಿಷನ್ ಕಟ್ಕೊಂಡಿದ್ದಿಲ್ಲೇನ?”

“ಕಟ್ಕೊಂಡಿದ್ನಂತ. ಏನೂ ಅನಿಸಲಿಲ್ಲಂತ.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಷ್ಟ ನೋವು ಬಂದು ಬಡದ್ರೂ ಅನಿಸಲಿಲ್ಲಂದ್ರ ಅಂವಾ ಮನಷಾ ಅಲ್ಲ, ಬಂಡಿಗಲ್ಲು. ಅಂವಗೊಮ್ಮೆ ಅನಿಸಬೇಕ ನೀಲವ್ವ. ಅನಿಸೂತನಕ ನನ್ನ ಹೊಟ್ಟಿ ತಣ್ಣಗಾಗೂದಿಲ್ಲ.”

ಅಂದೇ ಮಗಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆ ಗಂಟು ಬಿಚ್ಚುವ ದಾರಿಯೂ ಅವಳ ಕೈಯಲ್ಲೇ ಇತ್ತು. ಆವರಣದ ಪಟ್ಟಿಗಳನ್ನು ನೋಡಿಕೊಳ್ಳುವುದು ನರಸಂಕೇತ ವಿಭಾಗದ ವಿದ್ಯಾರ್ಥಿಗಳ ಕೆಲಸ. ಆರೋಗ್ಯ ಕೇಂದ್ರಕ್ಕೆ ತಂತ್ರಾಂಶ ಬೇಕೆಂದಾಗ ಹೊಸತು ಬರೆಯಲು ಸೋಮಾರಿತನವಾಗಿ, ನೀಲಾ ಮತ್ತು ಜೆಸಿಂತಾ ಪರೀಕ್ಷಾ ವಿಭಾಗದ ತಂತ್ರಾಂಶವನ್ನೇ ಹೊತ್ತು ತಂದು, ‘ಉತ್ತರಪತ್ರಿಕೆ’ ಇದ್ದಲ್ಲೆಲ್ಲ ‘ನೋವು’ ಎಂದು ಬದಲಾಯಿಸಿ ಕೂರಿಸಿದ್ದರು. ಒಂದೇ ಮಧ್ಯಾಹ್ನದ ಕೆಲಸ. ಹಾಗಾಗಿ ಆರೋಗ್ಯ ಕೇಂದ್ರದ ಪರದೆಯಲ್ಲಿ ನೋವುಗಳು ಪಾಸಾಗುತ್ತಿದ್ದವು, ಫೇಲಾಗುತ್ತಿದ್ದವು. ತಲೆನೋವೊಂದು ಒಮ್ಮೆ ಪ್ರಥಮ ದರ್ಜೆ ಪಡೆದದ್ದೂ ಉಂಟು. ಫೇಲಾದ ನೋವಿಗೆ ಮರುಮೌಲ್ಯಮಾಪನದ ಹಕ್ಕೂ ಹಾಗೇ ಉಳಿದುಕೊಂಡಿತ್ತು. ಅರ್ಜಿ ಹಾಕಿದರೆ ಸಂಗ್ರಹದಲ್ಲಿರುವ ಹಳೆಯ ನೋವನ್ನು ವೈದ್ಯರು ಮುಂದಿನ ಸಲ ಪಟ್ಟಿ ಕಟ್ಟಿದಾಗ ಮತ್ತೆ ಅನುಭವಿಸಲೇಬೇಕು.

ನೀಲಾ ಆಸ್ಪತ್ರೆಯಿಂದ ಬಂದವಳೇ ಅರ್ಜಿ ಹಾಕಿದಳು. ಫಲಿತಾಂಶ ಬಂತು: ‘ಬದಲಾವಣೆ ಇಲ್ಲ.’

“ಒಡದ ಅಪೆಂಡಿಕ್ಸಿಗೆ ಬದಲಾವಣೆ ಇಲ್ಲಂತ!” ಪ್ರಯೋಗಾಲಯದಲ್ಲಿ ಅವಳು ಮೇಜು ಗುದ್ದಿದಳು. “ಜೆಸ್ಸಿ, ಅಂವಾ ಕಲ್ಲೇನ?”

ಜೆಸಿಂತಾ ಡಾಕ್ಟರ ಪಟ್ಟಿಯಿಂದ ಬಂದ ಮಾಹಿತಿಯನ್ನು ಪರದೆಯ ಮೇಲೆ ಎಳೆದಳು. “ಇಲ್ಲಿ ನೋಡು ಮಾರಾಯ್ತಿ. ಈ ಡಾಕ್ಟರಿಗೆ ದಿನಾ ಬೆಳಿಗ್ಗೆ ಜ್ವರ. ಎಂಥ ಜ್ವರ ಅಂದ್ರೆ, ಮನುಷ್ಯರಿಗೆ ಬಂದ್ರೆ ಆಗ್ಲೇ ಹೊತ್ತುಕೊಂಡು ಹೋಗ್ಬೇಕು. ಮಧ್ಯಾಹ್ನ ಆಗುವಾಗ ಮೈ ಪೂರಾ ತಣ್ಣಗೆ. ಮತ್ತೆ ನಾಡಿಯೇ ಇಲ್ಲ!”

“ನಾಡಿ ಇಲ್ಲಂದ್ರ?”

“ಇವರು ಸತ್ತು ಎಷ್ಟು ವರ್ಷ ಆಯ್ತೋ ಏನೋ.”

ಪಟ್ಟಿಗೆ ಗೊತ್ತಿದ್ದದ್ದು ಒಂದೇ: ಬಿಸಿಯಿದ್ದರೆ ಚರ್ಮ, ಇಲ್ಲದಿದ್ದರೆ ಇಲ್ಲ. ಬಿಸಿ ಎಲ್ಲಿಂದ ಬರುತ್ತಿದೆ ಎಂದು ನೋಡಲು ಇಬ್ಬರೂ ಪಟ್ಟಿ ತಪಾಸಣೆಯ ನೆಪದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರು ಯಾವನೋ ಹುಡುಗನ ಕಿವಿನೋವಿಗೆ ಕಣ್ಣು ಮುಚ್ಚಿ ಧ್ಯಾನಸ್ಥರಾಗಿದ್ದರು. ನೀಲಾ ಪೆನ್ನು ಬೀಳಿಸಿ ಬಗ್ಗಿದಳು. ಮೇಜಿನ ಕೆಳಗೆ, ಡಾಕ್ಟರ ತೊಡೆಯ ಮೇಲೆ, ಸೊಂಟನೋವಿಗೆಂದು ಇಟ್ಟುಕೊಂಡ ಕೆಂಪು ರಬ್ಬರಿನ ಬಿಸಿನೀರಿನ ಚೀಲವೊಂದು ಹಾಯಾಗಿ ಮಲಗಿತ್ತು. ಅದರ ಕುತ್ತಿಗೆಗೆ ವೈದ್ಯರ ಪಟ್ಟಿ ಕಟ್ಟಿತ್ತು.

ಇಷ್ಟು ದಿನ ಆವರಣದ ನೋವನ್ನೆಲ್ಲ ಉಂಡದ್ದು ಆ ಚೀಲ. ನೀಲಾಳ ಅಪೆಂಡಿಕ್ಸನ್ನು ಎರಡೆರಡು ಸಲ ಅನುಭವಿಸಿದ್ದೂ ಅದೇ. ‘ಸಹವೇದನಾ ರತ್ನ’ ಕೊಡುವುದಾದರೆ ಅದಕ್ಕೇ ಕೊಡಬೇಕಿತ್ತು.

“ದೂರು ಕೊಡುವ,” ಅಂದಳು ಜೆಸಿಂತಾ ಹೊರಗೆ ಬಂದು.

“ದೂರು ಕೊಟ್ರ ಏನಾಕ್ಕೈತಿ? ವಿಚಾರಣಾ ಸಮಿತಿ ಆಕ್ಕೈತಿ. ಸಮಿತಿಗೆ ಇಂವನ ಅಧ್ಯಕ್ಷ ಆಗ್ತಾನ. ನಂಗ ದೂರು ಬ್ಯಾಡ ಜೆಸ್ಸಿ. ನನ್ನ ನೋವು ಅಂವನ ಮೈಯಾಗ ಇಳೀಬೇಕು. ನಾಲ್ಕ ಮಂದಿ ಎದುರಿಗೆ ಅಂವಾ ಹೊಟ್ಟಿ ಹಿಡ್ಕೊಂಡು ‘ಯವ್ವಾ’ ಅನ್ನಬೇಕು. ಅಷ್ಟ.”

ನಾಲ್ಕು ಮಂದಿಯ ವ್ಯವಸ್ಥೆಯನ್ನು ನಾಲ್ಕನೆಯ ಕಾಲು ಮಾಡಿಕೊಟ್ಟಿತು. ಸಮಾರಂಭದ ದಿನ ಕುಲಪತಿಗಳು ರೋಗಿಯ ಪಟ್ಟಿ ಕಟ್ಟಿಕೊಳ್ಳುವುದು, ಡಾಕ್ಟರು ವೈದ್ಯರ ಪಟ್ಟಿ ಕಟ್ಟಿಕೊಂಡು ತಮ್ಮ ಕುರ್ಚಿಯಲ್ಲಿ ಕೂತು ಪ್ರಾತ್ಯಕ್ಷಿಕೆ ಕೊಡುವುದು, ಅದನ್ನು ಹೊರಗಿನ ಶಾಮಿಯಾನದಲ್ಲಿ ಪರದೆಯ ಮೇಲೆ ತೋರಿಸುವುದು ಎಂದು ಗೊತ್ತಾಯಿತು. ಯಂತ್ರ ನಡೆಸುವ ಜವಾಬ್ದಾರಿ ನರಸಂಕೇತ ವಿಭಾಗದ್ದು. ನೀಲಾ ತಾನೇ ಮುಂದೆ ಬಿದ್ದು ಒಪ್ಪಿಕೊಂಡಳು.

ಮರುಮೌಲ್ಯಮಾಪನ ಬಿದ್ದುಹೋದವರಿಗೆ ಪರೀಕ್ಷಾ ವಿಭಾಗದಲ್ಲಿ ಇನ್ನೊಂದು ಅಸ್ತ್ರವಿದೆ: ಚಾಲೆಂಜ್ ವ್ಯಾಲ್ಯುಯೇಷನ್. ಒಂದೇ ಸಲ, ಅದೇ ಕೊನೆ; ಆರೋಗ್ಯ ಕೇಂದ್ರದಲ್ಲಾದರೆ ಗುಂಡಿ ಒತ್ತಿದ ಕೂಡಲೇ ಹಳೆಯ ನೋವು ವೈದ್ಯರು ಕಟ್ಟಿಕೊಂಡ ಪಟ್ಟಿಗೆ ಹರಿಯುತ್ತದೆ. ನೀಲಾ ತಂತ್ರಾಂಶದಲ್ಲಿ ತನ್ನ ಹೆಸರು ಹಾಕಿ ನೋಡಿದಳು. ‘ಅರ್ಹರು’ ಎಂದು ಹಸಿರು ಅಕ್ಷರ ಬಂತು. ಗಡುವು ಸಮಾರಂಭದ ದಿನ ಸಂಜೆಗೆ ಮುಗಿಯುತ್ತಿತ್ತು. ದೇವರಿದ್ದಾನೆ, ತಡವಾಗಿ ಬಂದರೂ ಹಾಜರಿ ಹಾಕುತ್ತಾನೆ ಅನ್ನಿಸಿತು ಅವಳಿಗೆ.

ಉಳಿದದ್ದು ಚೀಲ. ಅದು ಮೇಜಿನ ಕೆಳಗಿರುವ ತನಕ ಚಾಲೆಂಜೂ ರಬ್ಬರಿಗೇ ಹೋಗುತ್ತದೆ. ಡಾಕ್ಟರು ಕೋಣೆ ಬಿಡುವುದು ಕಾಫಿಗೆ ಮಾತ್ರ. ಅವರ ಕಾಫಿಯ ಹೊತ್ತು ನೀಲಾಳ ನರಗಣಿತದ ಕ್ಲಾಸಿನ ಹೊತ್ತು.

“ನಾಳೆ ಕ್ಲಾಸ್ ಉಂಟಲ್ಲ ನಿಂಗೆ?” ಬುಧವಾರದ ಮುನ್ನಾದಿನ ಬಟ್ಟೆ ಒಣಹಾಕುತ್ತ ಜೆಸಿಂತಾ ಕೇಳಿದಳು. “ಆ ಮೇಷ್ಟ್ರು ಅಟೆಂಡೆನ್ಸಲ್ಲಿ ಭಾರೀ ಕಟ್ಟುನಿಟ್ಟು. ನಾನು ಪ್ರಾಕ್ಸಿ ಹೇಳಿದ್ರೂ ಗೊತ್ತಾಗ್ತದೆ ಅವರಿಗೆ.”

“ಹುಟ್ಟಿದಾಗಿಂದ ಒಂದ್ ಕ್ಲಾಸ್ ತಪ್ಪಿಸಿಲ್ಲ ನಾ, ಆಸ್ಪತ್ರ್ಯಾಗ ಬಿದ್ದದ್ದು ಬಿಟ್ರ. ಒಂದ್ ಕ್ಲಾಸಿಗೆ ಏನ ಪರಪಂಚ ಮುಳಗತೈತೆನ?”

“ಸಿಕ್ಕಿ ಬಿದ್ರೆ?”

“ಸೊಂಟನೋವು ಅಂತೀನಿ. ಗುಲಾಬಿ ಮಾತ್ರಿ ಕೊಡ್ತಾನ.”

ಬುಧವಾರ ಡಾಕ್ಟರು ಕಾಫಿಗೆ ಹೋದರು. ನೀಲಾ ಕ್ಲಾಸಿಗೆ ಹೋಗಲಿಲ್ಲ. ಪಟ್ಟಿ ಮೇಜಿನ ಮೇಲೆ ಉಳಿಯಿತು, ಚೀಲ ಮಾತ್ರ ದುಪಟ್ಟಾದೊಳಗೆ ಸೇರಿ ಹಾಸ್ಟೆಲ್ ಮುಟ್ಟಿತು. ರೂಮಿನಲ್ಲಿ ಅದನ್ನು ಮಂಚದ ಮೇಲಿಟ್ಟು ನೋಡಿದಾಗ ಅವಳಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು. ಎಷ್ಟು ಹುಡುಗರ ತಲೆಶೂಲೆ, ಎಷ್ಟು ಹುಡುಗಿಯರ ತಿಂಗಳ ಸಂಕಟ, ಎಷ್ಟು ಜನರ ಜ್ವರ ಇದರ ಪಾಲಿಗೆ ಬಂದಿತ್ತೋ! ಊರು ಬಿಟ್ಟು ಬಂದ ಮಕ್ಕಳೆಲ್ಲ ನಂಬಿ ಕೈಕೊಟ್ಟದ್ದು ಈ ರಬ್ಬರಿಗೆ. ಅದನ್ನು ಮಂಚದ ಕೆಳಗೆ ತಳ್ಳಿ ಅವ್ವನಿಗೆ ಫೋನು ಮಾಡಿದಳು.

“ನಾಳೆ ಅವ್ವ.”

“ಪೂರಾ ಕೊಡತೀಯೇನ? ಅರ್ಧಮರ್ಧ ಬ್ಯಾಡ ಮತ್ತ.”

“ಪೂರಾ. ಒಂದ್ ಹನಿ ಕಡಿಮಿ ಮಾಡೂದಿಲ್ಲ.”

“ಹಂಗಾರ ನಾಳೆ ನಾ ಹೋಳಿಗಿ ಮಾಡತೀನಿ,” ಅಂದಳು ಅವ್ವ, ಸಮಾಧಾನದಿಂದ.

ಗುರುವಾರ ಶಾಮಿಯಾನ ತುಂಬಿತು; ಉಪ್ಪಿಟ್ಟಿನ ಶಕ್ತಿ ಅಂಥದ್ದು. ಕುಲಪತಿಗಳು ರಿಬ್ಬನ್ ಕತ್ತರಿಸಿ ಬೆಂಚಿನ ಮೇಲೆ ಆಸೀನರಾದರು. ಹೊಸ ಕಾಲು ಹಳೆಯ ಮೂರಕ್ಕಿಂತ ಎರಡು ಬೆರಳು ಉದ್ದವಿತ್ತು. ಇಷ್ಟು ಕಾಲ ಎಡಕ್ಕೆ ವಾಲುತ್ತಿದ್ದ ಬೆಂಚು ಈಗ ಬಲಕ್ಕೆ ವಾಲಿತು. ಪ್ರಗತಿಯೆಂದರೆ ಇದೇ ಅಲ್ಲವೇ? ಜನ ಚಪ್ಪಾಳೆ ತಟ್ಟಿದರು, ಕುಲಪತಿಗಳು ವಾಲಿಕೊಂಡೇ ಕೈಮುಗಿದರು.

ಒಳಗೆ ಡಾಕ್ಟರು ಕುರ್ಚಿಯಲ್ಲಿ ಕೂತರು. ಅವರ ಕೈ ಅಭ್ಯಾಸಬಲದಿಂದ ಮೇಜಿನ ಕೆಳಗೆ ಹೋಯಿತು. ತಡವಿತು. ಡ್ರಾಯರು ತೆರೆಯಿತು, ಮುಚ್ಚಿತು. ಮೂಲೆಯ ಯಂತ್ರದ ಮುಂದೆ ಕೂತಿದ್ದ ನೀಲಾ ಈ ಹುಡುಕಾಟವನ್ನು ಹಬ್ಬದೂಟದಂತೆ ಸವಿದಳು.

“ಏನಾದ್ರೂ ಬೇಕಿತ್ತೇನ್ರಿ ಸರ?”

“ಏನಿಲ್ಲಮ್ಮ, ಏನಿಲ್ಲ.” ಅವರು ಎದುರಿಗಿದ್ದ ಕ್ಯಾಮೆರಾ ನೋಡಿದರು. ಆಮೇಲೆ ಕುಲಪತಿಗಳ ಗುಂಡುಗುಂಡಾದ, ಯಾವ ನೋವೂ ಇಲ್ಲದ ಮುಖ ನೋಡಿದರು. ಧೈರ್ಯ ಬಂತು. ತೋಳು ಮಡಚಿ, ಪಟ್ಟಿಯನ್ನು ತಮ್ಮ ಬರಿಯ ಮಣಿಕಟ್ಟಿಗೇ ಕಟ್ಟಿಕೊಂಡರು. ಯಂತ್ರದ ಪರದೆಯಲ್ಲಿ ಆ ಪಟ್ಟಿಗೆ ಮೊಟ್ಟಮೊದಲ ಬಾರಿಗೆ ನಾಡಿ ಮೂಡಿತು. ಸತ್ತವರು ಎದ್ದು ಕೂತಂತಾಯಿತು.

ನೀಲಾ ಚಾಲೆಂಜ್ ಗುಂಡಿಯ ಮೇಲೆ ಬೆರಳಿಟ್ಟಳು. ಮುಂದೆ ಆಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮೊದಲು ಹೊಕ್ಕುಳ ಸುತ್ತ ಹಿಂಡುತ್ತದೆ. ಆಮೇಲೆ ಬಲಕ್ಕಿಳಿಯುತ್ತದೆ. ಡಾಕ್ಟರು ಬಾಗುತ್ತಾರೆ, ಮೇಜಿನ ಅಂಚು ಹಿಡಿಯುತ್ತಾರೆ, ಶಾಮಿಯಾನದಲ್ಲಿ ಉಪ್ಪಿಟ್ಟಿನ ಚಮಚಗಳು ನಿಲ್ಲುತ್ತವೆ. ಆಗ ಅವಳು ಎದ್ದು ಹತ್ತಿರ ಹೋಗಿ ಕೇಳಬೇಕು: ‘ಸರ, ಅಟೆಂಡೆನ್ಸ್ ಎಷ್ಟೈತ್ರಿ?’ ಈ ಒಂದು ಪ್ರಶ್ನೆಯನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಅವಳು ಮಸೆಯುತ್ತ ಬಂದಿದ್ದಳು.

ಚಾಲೆಂಜ್ ಗುಂಡಿ ಒತ್ತಿದಳು.

ಪರದೆಯ ಮೇಲೆ ಚಕ್ರ ತಿರುಗಿತು. ತಿರುಗಿತು. ನಿಂತಿತು. ಹಸಿರು ಅಕ್ಷರ ಇರಬೇಕಾದಲ್ಲಿ ಕೆಂಪು ಅಕ್ಷರ ಬಂತು:

‘ಅರ್ಜಿ ತಿರಸ್ಕೃತ. ನಿನ್ನೆಯವರೆಗಿನ ಹಾಜರಾತಿ ಶೇಕಡಾ 74. ಹಾಜರಾತಿ ಕೊರತೆಯುಳ್ಳ ವಿದ್ಯಾರ್ಥಿಗಳ ನೋವು ಚಾಲೆಂಜ್ ವ್ಯಾಲ್ಯುಯೇಷನ್‌ಗೆ ಅರ್ಹವಲ್ಲ. ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಮುಖ್ಯ ವೈದ್ಯಾಧಿಕಾರಿಗಳನ್ನು ಕಾಣಿ.’

ಆಸ್ಪತ್ರೆಯ ದಿನಗಳು ಅವಳ ಹಾಜರಾತಿಯನ್ನು ಎಪ್ಪತ್ತೈದರ ಅಂಚಿಗೆ ತಂದು ನಿಲ್ಲಿಸಿದ್ದವು. ಅಂಚಿನಿಂದ ಕೆಳಕ್ಕೆ ತಳ್ಳಿದ್ದು ನಿನ್ನೆಯ ಒಂದು ಕ್ಲಾಸು, ಚೀಲ ಕದಿಯಲು ಹೋದ ಕ್ಲಾಸು. ನಿಯಮವೇನೋ ಪರೀಕ್ಷಾ ವಿಭಾಗದ್ದು. ಆದರೆ ಆ ಮಧ್ಯಾಹ್ನ ಅದನ್ನು ಅಳಿಸದೆ, ‘ಉತ್ತರಪತ್ರಿಕೆ’ ಹೊಡೆದು ‘ನೋವು’ ಎಂದು ತಿದ್ದಿ ಎದ್ದು ಹೋದವಳು ನೀಲಾಂಬಿಕಾ ಬಳಿಗಾರಳೇ.

ಎದುರಿಗೆ ಡಾಕ್ಟರು ಕುಲಪತಿಗಳ ಆರೋಗ್ಯವನ್ನು ಕಣ್ಣು ಮುಚ್ಚಿ ಆಸ್ವಾದಿಸಿದರು. “ಸಾರ್ ಅವರ್ಗೆ ಯಾವ ನೋವೂ ಇಲ್ಲ!” ಎಂದು ಘೋಷಿಸಿದರು. ಹೊರಗೆ ಶಾಮಿಯಾನ ಹಾರುವಂತೆ ಚಪ್ಪಾಳೆ ಬಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ, ರತ್ನ.

ಗಡುವು ಸಂಜೆಯವರೆಗೂ ಇತ್ತು. ಜೆಸಿಂತಾ ಎಷ್ಟು ಬೇಡವೆಂದರೂ ನೀಲಾ ಪೇಟೆಯ ಆಸ್ಪತ್ರೆಯ ಕಾಗದಗಳನ್ನು ಹಿಡಿದು ಬಲಕ್ಕೆ ವಾಲಿದ ಬೆಂಚಿನ ಮೇಲೆ ಕೂತು ಕಾದಳು. ಪ್ರಮಾಣಪತ್ರ ಸಿಕ್ಕರೆ ಹಾಜರಾತಿ ತುಂಬುತ್ತದೆ. ತುಂಬಿದರೆ, ಡಾಕ್ಟರು ಮತ್ತೆ ಪಟ್ಟಿ ಕಟ್ಟಿಕೊಂಡಾಗ, ಇನ್ನೂ ಆದೀತು.

ಡಾಕ್ಟರು ಹಾರ ತೆಗೆದಿರಲಿಲ್ಲ. ಕಾಗದ ತಿರುವಿ ಹಿಂದಕ್ಕೆ ತಳ್ಳಿದರು. “ಹೊರಗ್ನ ಆಸ್ಪತ್ರೆ ಕಾಗ್ದ ಇಲ್ಲಿ ನಡಿಯಲ್ಲಮ್ಮ. ಕಾಯ್ದೆ ಪ್ರಕಾರ ನೋವು ನನ್ನ ಅನುಭವಕ್ಕೇ ಬರ್ಬೇಕು. ಬಾ, ಕೈ ಕೊಡು.”

“ಸರ, ಅದು ಆವಾಗಿನ ನೋವ್ರಿ.”

“ಆವಾಗಿಂದು ಆವಾಗ. ಈವಾಗ ನೋಡಣ. ರತ್ನ ಬಂದ್ಮೇಲೆ ನಾವೂ ಸರ್ಯಾಗಿ ಮಾಡ್ಬೇಕಲ್ವಾ?”

ಮೇಜಿನ ಕೆಳಗೆ ಹೋಗಲು ಅವರ ಕೈಗೆ ಈಗ ಕಾರಣವಿರಲಿಲ್ಲ. ಬರಿಯ ಮಣಿಕಟ್ಟಿಗೆ ಪಟ್ಟಿ ಬಿಗಿದು ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿ, ಒಂದೊಂದು ನರವನ್ನೂ ಕರೆದು ಕೇಳುವವರಂತೆ, ಮನಸ್ಸಿಟ್ಟು ಹುಡುಕಿದರು. ನೀಲಾ ನೋಯಲು ಪ್ರಯತ್ನಿಸಿದಳು. ಹೊಟ್ಟೆ ಬಿಗಿಹಿಡಿದಳು, ಗುರುತನ್ನು ಒತ್ತಿಕೊಂಡಳು. ಆ ಮಹಾತಾಯಿ ಹಾಕಿದ ಹೊಲಿಗೆ ಅಷ್ಟು ಚೆನ್ನಾಗಿ ಮಾಗಿತ್ತು.

“ಇಲ್ಲಮ್ಮ,” ಅಂದರು ಡಾಕ್ಟರು, ನಿಜವಾಗಿಯೂ ಬೇಸರದಿಂದ. “ನಿಂಗೆ ನೋವಿಲ್ಲ.”

ಆ ಕುರ್ಚಿಯಲ್ಲಿ ಕೂತು ಅವಳ ಬಗ್ಗೆ ಅವರು ಆಡಿದ ಮೊದಲ ಸತ್ಯ ಅದು.

ಗುಂಡಿ ಒತ್ತಿ, ಡ್ರಾಯರಿನಿಂದ ಗುಲಾಬಿ ಮಾತ್ರೆ ತೆಗೆದುಕೊಟ್ಟರು. “ಮುಖ ಯಾಕೋ ಸಪ್ಪಗದೆ. ಹೊಟ್ಟೆ ಮೇಲೆ ಬಿಸಿನೀರಿನ ಚೀಲ ಇಟ್ಕಂಡು ಮಲಗು, ಸರಿ ಹೋಯ್ತದೆ. ನಂದೇ ಒಂದಿತ್ತು, ಕೊಡೋಣ ಅಂದ್ರೆ ನಿನ್ನೆಯಿಂದ ಕಾಣ್ತಿಲ್ಲ.”